ಬಾನೆಟ್ಟಿನ ಮೇಲಿನ ಬಟ್ಟಲು

ಚಮಚ ನಡುಗುತ್ತಿದೆ, ತಟ್ಟೆಯ ಅಂಚಿಗೆ ಒರಗಿಕೊಂಡು, ಅಕ್ಟೋಬರಿನ ಎಳೆಬಿಸಿಲನ್ನು ಚೂರುಚೂರಾಗಿ ಒಡೆಯುತ್ತ, ಅಂದರೆ ಚೌಕದ ಆಚೆ ಮಗ್ಗುಲಲ್ಲಿ ಒಂಬತ್ತೂವರೆಯ ಬಸ್ಸು ತಿರುಗುತ್ತಿದೆ, ಡೀಸೆಲ್ ಎಂಜಿನ್, ಆರರಲ್ಲಿ ಒಂದು ಸಿಲಿಂಡರ್ ಸೋಮಾರಿಯಾಗಿದೆ, ಇಷ್ಟನ್ನು ತಿಳಿಯಲು ನಾನು ತಲೆಯೆತ್ತಿ ನೋಡಬೇಕಾಗಿಲ್ಲ, ಒಂದು ಕಾಲದಲ್ಲಿ ಚಮಚವನ್ನೂ ನೋಡಬೇಕಾಗಿರಲಿಲ್ಲ — ಈಗ ನೋಡಬೇಕು, ಚಮಚವನ್ನು, ಅದಕ್ಕಿಂತ ಮಿಗಿಲಾಗಿ ಬಟ್ಟಲಿನ ಕಾಫಿಯನ್ನು, ಅದರ ಮೇಲೆ ಒಂದರೊಳಗೊಂದು ಹುಟ್ಟಿ ಅಂಚಿಗೆ ಬಂದು ಅಳಿಯುವ ಸಣ್ಣ ಕಂದು ಬಳೆಗಳನ್ನು. ಬಟ್ಟಲು ಎಂದಿನಂತೆ ಕಂಠಮಟ್ಟ ತುಂಬಿದೆ, ಇನ್ನೊಂದು ಹನಿ ಬಿದ್ದರೆ ಚೆಲ್ಲೀತು, ಎಂಥ ಅನ್ಯಾಯ, ಕಾಫಿಯೆಂದರೆ ತಳದಲ್ಲಿ ಎರಡು ಗುಟುಕು ಇರಬೇಕು, ಕಪ್ಪಗೆ, ಗಟ್ಟಿಯಾಗಿ, ಇದು ಉತ್ತರದ ಪ್ರವಾಸಿಗಳು ಕುಡಿಯುವ ನೀರು, ಆರ್ಜಿಯಾಳಿಗೆ ವಯಸ್ಸಾಯಿತು, ಮೂವತ್ತು ವರ್ಷಗಳಿಂದ ಚೌಕದ ಈ ಕಾಫಿ ಬಾರನ್ನು ನಡೆಸಿಕೊಂಡು ಬಂದವಳು, ಅಳತೆಯಲ್ಲಿ ಎಂದೂ ತಪ್ಪದವಳು, ಈಚಿನ ಕೆಲವು ವರ್ಷಗಳಿಂದ ನನ್ನ ಬಟ್ಟಲಿಗೆ ಮಾತ್ರ ಕೈತಪ್ಪಿ ಸುರಿಯುತ್ತಾಳೆ, ಆಕ್ಷೇಪಿಸಿದರೆ, ಕುಡೀರಿ ಮೇಸ್ತ್ರಿ, ಜಾಸ್ತಿ ಆದ್ರೆ ನಿಮಗೇನು ಭಾರವಾ, ಎಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ, ಮುಪ್ಪಿನಲ್ಲಿ ಕೆಲವರಿಗೆ ಜಿಪುಣತನ ಬರುತ್ತದೆ, ಕೆಲವರಿಗೆ ಔದಾರ್ಯ, ನನಗಂತೂ ಅದರಿಂದ ಉಪಕಾರವೇ ಆಗಿದೆ, ತುಂಬಿದ ಬಟ್ಟಲಿನಲ್ಲಿ ಬಳೆಗಳು ನಿಚ್ಚಳವಾಗಿ ಕಾಣುತ್ತವೆ, ಆದರೆ ಆ ಮಾತನ್ನು ಅವಳಿಗೆ ಹೇಳುವುದು ಹೇಗೆ. ಬಸ್ಸು ಹೋಯಿತು. ಕಾಫಿ ಕನ್ನಡಿಯಾಯಿತು, ಕಮಾನುಗಳ ಸಾಲು ಅದರೊಳಗೆ ತಲೆಕೆಳಗಾಗಿ ನಿಂತಿತು. ಹತ್ತು ಗಂಟೆಗೆ, ಪೂಜೆ ಮುಗಿದು ಜನ ಚರ್ಚಿನ ಮೆಟ್ಟಿಲಿಳಿಯುವ ಹೊತ್ತಿಗೆ, ಅದು ಬರುತ್ತದೆ, ಗಾರ್ಜಾ ಕಾರ್ಖಾನೆ ಹನ್ನೊಂದು ವರ್ಷಗಳ ಮೇಲೆ ಹೊರತಂದಿರುವ ನಾಲ್ಕು ಬಾಗಿಲಿನ ಓಟದ ಕಾರು, ಮೂತಿಯ ಮೇಲೆ ನಮ್ಮ ಬಯಲಿನ ಬಿಳಿ ಕೊಕ್ಕರೆಯ ಮುದ್ರೆ, ಅದನ್ನು ನಡೆಸಿಕೊಂಡು ಬರುವವಳು ನೊಯೆಮಿ, ನನ್ನ ಮಗಳ ಮಗಳು, ಎಂಜಿನಿಯರ್ ನೊಯೆಮಿ, ಅದರ ಎಂಜಿನ್ನನ್ನು ಹದಗೊಳಿಸಿ ಅದಕ್ಕೆ ದನಿ ಕೊಟ್ಟವಳೂ ಅವಳೇ, ಮತ್ತು ಆ ದನಿ ಹೇಗಿದೆಯೆಂದು ಈ ಚೌಕದಲ್ಲಿ, ಇಷ್ಟು ಜನರ ಮುಂದೆ, ಕಿವಿಗೊಟ್ಟು ಕೇಳಿ ತೀರ್ಪು ಹೇಳಬೇಕಾದವನು ನಾನು, ಎರ್ಮೆಸ್ ಜನಾಸಿ, ಎಪ್ಪತ್ತೊಂಬತ್ತು ವರ್ಷದವನು, ಈ ಊರಿನ ಕಿವಿಯೆಂದು ಹೆಸರಾದವನು — ಕಿವುಡ.

ನೆರಿಯೊ ಬಂದ, ಕುರ್ಚಿಯನ್ನೆಳೆದು ನನ್ನ ಬಲಗಡೆ ಕುಳಿತ, ಅವನು ಸದಾ ಬಲಗಡೆಯೇ ಕೂರುತ್ತಾನೆ, ಕ್ಷೌರಿಕನ ಅಭ್ಯಾಸವಿರಬೇಕು, ಗಿರಾಕಿಯ ಬಲಗೆನ್ನೆಯಿಂದಲೇ ಕೆಲಸ ಆರಂಭ, ಅವನಿಗೆ ಅರುವತ್ತೆಂಟು, ಅವನ ಗ್ಯಾರೇಜಿನಲ್ಲಿ ಎಪ್ಪತ್ತೆರಡನೇ ಇಸವಿಯ ಹಸಿರು ಗಾರ್ಜಾ ಇದೆ, ಹೆಂಡತಿಗಿಂತ ಮೊದಲು ಮನೆಗೆ ಬಂದದ್ದು, ಎದುರಿಗೆ ಔಷಧದಂಗಡಿಯ ಲೆಯಾರ್ಕೊ, ಕಂಕುಳಲ್ಲಿ ಮೂರು ಪತ್ರಿಕೆ, ಎಲ್ಲದರ ಮುಖಪುಟದ ಮೇಲೂ ಅದೇ ಕಾರು. ನೆರಿಯೊ ಚಿತ್ರದ ಮೇಲೆ ಬೆರಳು ಕುಟ್ಟುತ್ತಾನೆ, ಏನೋ ಇದು, ಈ ಜಾಲರಿ, ಪೋ ನದಿಯ ಬೆಕ್ಕುಮೀನು ಬಾಯಿ ತೆರೆದಂಗಿದೆಯಲ್ಲೋ, ಇದರೊಳಗೆ ನಾಯಿಮರಿ ಹೋದ್ರೆ ವಾಪಸ್ ಬರಲ್ಲ. ಗಾಳಿ ಬೇಕಪ್ಪ ಗಾಳಿ, ಐನೂರ ನಲವತ್ತು ಕುದುರೆ ಉಸಿರಾಡಬೇಡವಾ, ಎಂದು ಲೆಯಾರ್ಕೊನ ತುಟಿಯಾಡುತ್ತದೆ, ತುಟಿಯನ್ನು ಓದಿಕೊಳ್ಳುತ್ತೇನೆ. ಕುದುರೆ ಇರಲಿ, ಸಿಲಿಂಡರ್ ಎಷ್ಟು ಹೇಳು. ಆರು. ನೋಡಿದ್ಯಾ, ಎಂಟಿತ್ತು, ಆರಾಯ್ತು, ಇನ್ನು ಹತ್ತು ವರ್ಷಕ್ಕೆ ಒಂದೂ ಇರಲ್ಲ, ಬೀಗದಕೈ ಕೊಟ್ಟು ಹಿಂದಿಂದ ನೂಕಿ ಅಂತಾರೆ. ನೂಕು, ನಿನ್ನ ಹೊಟ್ಟೆಯಾದ್ರೂ ಕರಗುತ್ತೆ. ಮತ್ತೆ ನಾಲ್ಕು ಬಾಗಿಲು ಬೇರೆ, ನಾಲ್ಕು ಬಾಗಿಲು ಅಂದ್ರೆ ಮದುವೆಯಾದ ಕಾರು ಅಂತ ಅರ್ಥ, ಹಿಂದೆ ಅತ್ತೆ ಕೂತ್ಕೋಬಹುದು, ದೋಷ ಇರೋದೇ ಅಲ್ಲಿ. ಹೀಗೆ ಅವರು, ಬಾಯಲ್ಲಿ ಬೈಗುಳ, ಕಣ್ಣಲ್ಲಿ ಪ್ರೇಮ, ಆರು ತಿಂಗಳಿಂದ ಇದೇ ಮಾತು, ಮೊದಲು ಕದ್ದು ತೆಗೆದ ಮಸುಕು ಚಿತ್ರ, ಆಮೇಲೆ ದೀಪದ ಚಿತ್ರ, ಆಮೇಲೆ ಬಾಲದ ಚಿತ್ರ, ಒಂದೊಂದಕ್ಕೂ ಒಂದೊಂದು ವಾರದ ಜಗಳ, ಬೇರೆ ಊರುಗಳಲ್ಲಿ ಗಂಡಸರು ಕಾಲ್ಚೆಂಡಿನ ಆಟಕ್ಕೆ ಹೊಡೆದಾಡುತ್ತಾರಂತೆ, ನಮ್ಮಲ್ಲಿ ಹಿಂದಿನ ದೀಪ ಉದ್ದವಿರಬೇಕೋ ದುಂಡಗಿರಬೇಕೋ ಎಂಬುದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಲೆಯಾರ್ಕೊ ಕರವಸ್ತ್ರದಂಥ ಕಾಗದವನ್ನೆಳೆದು ಅಂಕಿಗಳನ್ನು ಬರೆದು ನನ್ನ ಕಡೆ ಸರಿಸುತ್ತಾನೆ, ನಿಂತಲ್ಲಿಂದ ನೂರು ಕಿಲೋಮೀಟರು ವೇಗಕ್ಕೆ ಮೂರೂವರೆ ಸೆಕೆಂಡು, ದುಂಡಗಿನ ಅಕ್ಷರ, ಔಷಧದಂಗಡಿಯವನಿಗೆ ಇಂಥ ಅಕ್ಷರವೇ ಎಂದು ಎಷ್ಟೋ ಸಲ ಬೆರಗಾಗಿದ್ದೇನೆ, ಬಾಯಲ್ಲಿ ಹೇಳುವುದನ್ನು ಬಿಟ್ಟು ಬರೆದು ತೋರಿಸುವ ಈ ಚಟ ಅವನಿಗೆ ಯಾವಾಗ ಹತ್ತಿತೋ. ನೀನೇನ್ ಹೇಳ್ತೀಯಾ ಎರ್ಮೆಸ್, ಎಂದು ನೆರಿಯೊ ಬಲಗಿವಿಯ ಹತ್ತಿರ ಬಾಗಿದ, ಅವನದು ಕಂಚಿನ ಕಂಠ, ತಗ್ಗಿನ ದನಿ, ಅದೊಂದು ನನಗೆ ಇನ್ನೂ ತಲುಪುತ್ತದೆ, ಬಂದ ಮೇಲೆ ಹೇಳ್ತೀನಿ, ಎಂದೆ, ಗಂಭೀರವಾಗಿ.

ಇದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು, ಕಾರ್ಖಾನೆಯಿಂದ ಹೊಸ ಮಾದರಿಯ ಮೊದಲ ಕಾರು ಅಂಗಡಿಗೆ ಹೋಗುವ ಮುನ್ನ ಒಂದು ಭಾನುವಾರ ಈ ಚೌಕಕ್ಕೆ ಬರಬೇಕು, ಎಂಜಿನ್ ಪರೀಕ್ಷೆಯ ಕೋಣೆಯಲ್ಲಿ ತಲೆ ನರೆಸಿಕೊಂಡ ಹಿರಿಯನೊಬ್ಬ ಅದರ ಪಕ್ಕದಲ್ಲಿ ನಿಂತು ಕೇಳಬೇಕು, ಒಪ್ಪಿಗೆಯಾದರೆ ಬೆರಳ ಗೆಣ್ಣಿನಿಂದ ಚಾವಣಿಯ ಮೇಲೆ ಎರಡು ಸಲ ತಟ್ಟಬೇಕು, ಒಪ್ಪದಿದ್ದರೆ ತುಟಿ ಬಿಚ್ಚದೆ ಬಂದು ತನ್ನ ಕಾಫಿಗೆ ಕೂರಬೇಕು, ಅಷ್ಟೇ, ಯಾವ ಕಾನೂನಿನಲ್ಲೂ ಬರೆದದ್ದಲ್ಲ, ಆದರೆ ಆ ಎರಡು ತಟ್ಟು ಇಲ್ಲದ ಕಾರನ್ನು ನಮ್ಮೂರಿನವನು ಕೊಳ್ಳುವುದಿಲ್ಲ, ಕಾರ್ಖಾನೆಯ ಕೆಲಸಗಾರ ಅದರ ಮಾತನ್ನು ಮನೆಯಲ್ಲಿ ಎತ್ತುವುದಿಲ್ಲ. ನನಗಿಂತ ಮುಂಚೆ ತಟ್ಟುತ್ತಿದ್ದವನು ಮುದುಕ ಆದೆಲ್ಮೊ, ನನ್ನ ಗುರು, ಸಾಯುವ ವರ್ಷ ನನ್ನ ಕೈಹಿಡಿದು ಹೇಳಿದ, ಎರ್ಮೆಸ್, ಕೇಳದೇ ತಟ್ಟಬೇಡ, ತಟ್ಟಿದ ಮೇಲೆ ಹೆದರಬೇಡ. ಎಂಬತ್ತನಾಲ್ಕನೇ ಇಸವಿಯಲ್ಲಿ ನಾನು ತಟ್ಟಲಿಲ್ಲ, ಕಾರ್ಖಾನೆಯ ಯಜಮಾನರೇ ನಿಂತಿದ್ದರು, ನನ್ನ ಸಂಬಳ ಕೊಡುವವರು, ನಾನು ಬಂದು ಕಾಫಿಗೆ ಕುಳಿತೆ, ಮೂರು ತಿಂಗಳ ಮೇಲೆ ಅದೇ ಕಾರು ತಿರುಗಿ ಬಂತು, ಎಂಜಿನ್ನಿನ ಕವಾಟಗಳನ್ನು ಬದಲಿಸಿದ್ದರು, ಆಗ ತಟ್ಟಿದೆ, ಯಜಮಾನರು ಟೊಪ್ಪಿ ತೆಗೆದರು. ಕೇಳದೇ ತಟ್ಟಬೇಡ — ನಲವತ್ತು ವರ್ಷ ನಾಲ್ಕು ಗೋಡೆಗಳ ನಡುವೆ ಎಂಜಿನ್ನುಗಳ ಆರ್ಭಟದಲ್ಲಿ ನಿಂತವನ ಕಿವಿ ಎಷ್ಟು ದಿನ ಬಾಳೀತು, ಹತ್ತಿ ತುರುಕಿಕೊಳ್ಳಿ ಎನ್ನುತ್ತಿದ್ದರು ವೈದ್ಯರು, ಹತ್ತಿ ತುರುಕಿದರೆ ಕೇಳುವುದೇನನ್ನು, ಎಡಗಿವಿ ಹೋಗಿ ಹನ್ನೆರಡು ವರ್ಷವಾಯಿತು, ಒಂದು ಬೇಸಗೆಯಲ್ಲಿ ಜೀರುಂಡೆಗಳು ಈ ವರ್ಷ ಬರಲಿಲ್ಲವಲ್ಲ ಎಂದೆ ಇನೆಸಳೊಡನೆ, ನನ್ನ ಹೆಂಡತಿ, ಅವಳು ನನ್ನ ಮುಖ ನೋಡಿದಳು, ಹಿತ್ತಿಲ ತುಂಬ ಜೀರುಂಡೆ ಕೂಗುತ್ತಿತ್ತಂತೆ, ಅಂದಿನಿಂದ ಮಾತಾಡುವ ಮುನ್ನ ಭುಜ ಮುಟ್ಟುತ್ತಿದ್ದಳು, ಕೊನೆಯವರೆಗೂ, ಆ ಗುಟ್ಟನ್ನು ತನ್ನೊಡನೆಯೇ ಒಯ್ದಳು. ಬಲಗಿವಿ ಆರು ವರ್ಷದ ಹಿಂದೆ ಮಂಜಿನೊಳಗೆ ಇಳಿಯಿತು, ಆಗಲೇ ಬಟ್ಟಲಿನ ಉಪಾಯ ಹೊಳೆದದ್ದು, ಯಾರೋ ಹಳೆಯ ಕಾರಿನ ಬಾನೆಟ್ ಮೇಲೆ ಮರೆತಿಟ್ಟ ಕಾಫಿಯಲ್ಲಿ ಬಳೆಗಳೇಳುವುದನ್ನು ಕಂಡೆ, ಎಂಜಿನ್ನಿನ ಒಂದೊಂದು ಮಿಡಿತಕ್ಕೂ ಒಂದೊಂದು ಬಳೆ, ತಪ್ಪಿದ ಮಿಡಿತಕ್ಕೆ ಮುರಿದ ಬಳೆ, ಓದಬಹುದಿತ್ತು ಅದನ್ನು, ಅಂದಿನಿಂದ ನನ್ನ ಬಟ್ಟಲನ್ನು ಬಾನೆಟ್ ಮೇಲೆ ಇಟ್ಟೇ ಕೇಳುತ್ತೇನೆ, ಕಾಫಿ ಬೆಚ್ಚಗಿರಲಿ ಎಂದು ನೆಪ, ಕಣ್ಣು ಅರೆಮುಚ್ಚಿ ತಲೆ ವಾಲಿಸಿ ನಿಲ್ಲುತ್ತೇನೆ, ಧ್ಯಾನವೆಂದು ಜನ ತಿಳಿಯುತ್ತಾರೆ, ರೆಪ್ಪೆಯ ಸಂದಿಯಿಂದ ಬಟ್ಟಲನ್ನು ನೋಡುತ್ತಿರುತ್ತೇನೆ. ನೆರಿಯೊನ ಹಸಿರು ಕಾರಿನ ಕಾರ್ಬ್ಯುರೇಟರನ್ನು ಹೀಗೆಯೇ ಸರಿಮಾಡಿದೆ, ಯಾರಿಗೂ ತಿಳಿಯಲಿಲ್ಲ. ಅದು ಹಳೆಯ ಕಾರುಗಳ ವಿಷಯ, ಇಂದಿನದು ಬೇರೆ, ಇಂದು ನೊಯೆಮಿ — ಒಂಬತ್ತು ವರ್ಷದವಳಿದ್ದಾಗ ಅವಳ ಕಿವಿಯ ಹಿಂದಿನ ಮೂಳೆಗೆ ಸ್ಕ್ರೂಡ್ರೈವರಿನ ಮರದ ಹಿಡಿಯನ್ನೊತ್ತಿ ತುದಿಯನ್ನು ಎಂಜಿನ್ನಿಗೆ ತಾಗಿಸಿದ್ದೆ, ಏನು ಕೇಳುತ್ತೆ ಪುಟ್ಟಿ, ಯಾರೋ ಒಳಗೆ ಹೊಲಿಗೆ ಯಂತ್ರ ತುಳೀತಿದಾರೆ ತಾತ, ಎಂದಿದ್ದಳು, ಅಂದೇ ತಿಳಿಯಿತು ಈ ಮಗು ಎಲ್ಲಿಗೆ ಹೋಗುತ್ತದೆಂದು. ಅವಳ ಮೊದಲ ಎಂಜಿನ್. ಕಿವಿಯಿಲ್ಲವೆಂದು ಒಪ್ಪಿಕೊಂಡರೆ ಈ ಕುರ್ಚಿ ಹೋಯಿತು, ಹೆಸರು ಹೋಯಿತು, ಅವಳ ಕಾರಿಗೆ ತೀರ್ಪೇ ಇಲ್ಲವಾಯಿತು, ಕೇಳದೆಯೇ ತಟ್ಟಿದರೆ ಅವಳಿಗೆ ಖೋಟಾ ನಾಣ್ಯ ಕೊಟ್ಟಂತೆ, ಅದೂ ನನ್ನ ಕೈಯಿಂದ, ಹಾಗಾಗಿ ಇವತ್ತು ಬಟ್ಟಲೇ ಗತಿ, ತುಂಬಿದ ಬಟ್ಟಲು.

ತಲೆಗಳು ತಿರುಗಿದವು, ಎಲ್ಲವೂ ಒಂದೇ ಕಡೆಗೆ, ಗಾಳಿಗೆ ಗೋಧಿ ಬಾಗುವಂತೆ, ಅಂದರೆ ಬಂತು. ಕಮಾನುಗಳ ನೆರಳಿನಿಂದ ಮೂತಿ ಚಾಚಿತು, ದ್ರಾಕ್ಷಿರಸದ ಬಣ್ಣ, ನಮ್ಮ ಲ್ಯಾಂಬ್ರುಸ್ಕೊ ವೈನಿನ ಸೀಸೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ಕೆಂಪುಗಪ್ಪು, ಮೈಯುದ್ದಕ್ಕೂ ಒಂದೇ ಗೆರೆ, ಎಲ್ಲೂ ಎಡವದೆ ಬಾಲದವರೆಗೆ ಹರಿಯುವ ಗೆರೆ, ಇದನ್ನು ಎಳೆದವನ ಕೈಗೆ ಒಳ್ಳೆಯದಾಗಲಿ, ಬೆಕ್ಕುಮೀನಿನ ಬಾಯಿ ಚಿತ್ರದಲ್ಲಿ ಕಂಡಷ್ಟು ಕೆಟ್ಟದಾಗಿಲ್ಲ, ನೆರಿಯೊ ಆಗಲೇ ಟೊಪ್ಪಿ ಹಿಂದಕ್ಕೆ ತಳ್ಳಿ ಬಾಯಿ ತೆರೆದಿದ್ದಾನೆ, ಈಗ ಬೆಕ್ಕುಮೀನು ಯಾರು. ಜನ ಮುತ್ತಿಕೊಂಡರು, ಅರುವತ್ತು ಎಪ್ಪತ್ತು ಮಂದಿ, ಒಬ್ಬ ಟೈರಿನ ಅಗಲವನ್ನು ಗೇಣು ಹಾಕಿ ಅಳೆಯುತ್ತಾನೆ, ಒಬ್ಬ ಕಿಟಕಿಯೊಳಗೆ ಮೂಗಿಟ್ಟು ಚರ್ಮದ ಹೊಲಿಗೆ ಎಣಿಸುತ್ತಾನೆ, ಒಬ್ಬಾಕೆ ಹಿಂದಿನ ಡಿಕ್ಕಿ ತೆರೆಸಿ, ಚೀಸಿನ ಒಂದು ಇಡೀ ಚಕ್ರ ಹಿಡಿಸುತ್ತಾ ಇದರಲ್ಲಿ, ಎಂದು ಕೈಯಗಲಿಸಿ ನೋಡುತ್ತಾಳೆ, ಹಿಡಿಸುತ್ತೆ ಕಣಮ್ಮ, ನಿನ್ನ ಗಂಡ ಹಿಡಿಸಲ್ಲ ಅಷ್ಟೆ, ಎಂಬ ಆಕಾರದಲ್ಲಿ ನೆರಿಯೊನ ತುಟಿಯಾಡಿತು. ನೊಯೆಮಿ ಇಳಿಯಲಿಲ್ಲ, ಕಿಟಕಿಯ ಗಾಜು ಇಳಿಸಿ ನನ್ನನ್ನು ನೋಡಿದಳು, ನಗಲಿಲ್ಲ, ಕೂದಲನ್ನು ಬಿಗಿಯಾಗಿ ಕಟ್ಟಿದ್ದಾಳೆ, ಪರೀಕ್ಷೆಯ ದಿನ ಕಟ್ಟುತ್ತಿದ್ದಂತೆ. ನಾನು ಎದ್ದೆ. ದಾರಿ ಬಿಟ್ಟರು. ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ, ಬಲಿಪೀಠದ ಪಾತ್ರೆಯನ್ನು ಪಾದ್ರಿ ಒಯ್ಯುವಂತೆ ಒಯ್ದು, ಬಾನೆಟ್ಟಿನ ಮೇಲೆ ಗಾಜಿನ ಬಳಿ ಸಮತಟ್ಟಾದ ಜಾಗದಲ್ಲಿ ಇಟ್ಟೆ, ತಲೆ ವಾಲಿಸಿದೆ, ಕಣ್ಣು ಅರೆಮುಚ್ಚಿದೆ. ಕಾಫಿ ಕನ್ನಡಿ. ಬಂದು ನಿಂತೊಡನೆ ಎಂಜಿನ್ ಆರಿಸಿರಬೇಕು, ನೊಯೆಮಿಯ ಕೈ ಸ್ಟಾರ್ಟ್ ಗುಂಡಿಯ ಮೇಲಿದೆ, ಒತ್ತಲಿ, ಕಾಯುತ್ತೇನೆ, ಕನ್ನಡಿಯೊಳಗೆ ಆಕಾಶ, ಒಂದು ಪಾರಿವಾಳ ಹಾದುಹೋಯಿತು, ಬಳೆಯಿಲ್ಲ, ಜನ ಸುಮ್ಮನೆ ನಿಂತಿದ್ದಾರೆ, ಕಾಯುತ್ತಿದ್ದಾರೆ ಅವರೂ, ಬಳೆಯಿಲ್ಲ, ಹುಡುಗಿ ಹೆದರಿರಬೇಕು, ಪಾಪ, ನಾನೂ ಹೆದರಿದ್ದೆ ಎಂಬತ್ತನಾಲ್ಕರಲ್ಲಿ, ಧೈರ್ಯ ಹೇಳೋಣವೆಂದು ಗಟ್ಟಿಯಾಗಿ ಅಂದೆ, ಯಾಕಮ್ಮ ಹಾಗೇ ಕೂತಿದ್ದೀಯಾ, ಹೆದರಬೇಡ, ಸ್ಟಾರ್ಟ್ ಮಾಡು. ನೊಯೆಮಿಯ ಮುಖ — ಅದನ್ನು ಹೇಗೆ ಹೇಳಲಿ — ಮೊದಲು ಅರ್ಥವಾಗದ ಮುಖ, ಮರುಕ್ಷಣ ಎಲ್ಲವೂ ಅರ್ಥವಾದ ಮುಖ. ಹಿಂದಿನ ನಾಲ್ಕು ಕೊಳವೆಗಳಿಂದ ಚಳಿಗಾಳಿಗೆ ಬಿಳಿಯ ಉಸಿರು ಏಳುತ್ತಿತ್ತು. ಎಂಜಿನ್ ಓಡುತ್ತಿತ್ತು. ಆಗಿನಿಂದಲೂ ಓಡುತ್ತಿತ್ತು, ಎಪ್ಪತ್ತು ಜನ ಕೇಳಿಸಿಕೊಳ್ಳುತ್ತಿದ್ದರು, ಮತ್ತು ಊರಿನ ಕಿವಿ ಅದರ ಪಕ್ಕದಲ್ಲಿ ನಿಂತು, ಸ್ಟಾರ್ಟ್ ಮಾಡಮ್ಮ ಅಂದಿತು. ಮುಗಿಯಿತು ಎಂದುಕೊಂಡೆ, ಇಲ್ಲಿಗೆ ಮುಗಿಯಿತು, ಅಷ್ಟರಲ್ಲಿ ನೆರಿಯೊ ಟೊಪ್ಪಿ ಮೇಲಕ್ಕೆಸೆದ, ಕೇಳಿದ್ರೇನ್ರೋ, ಮೇಸ್ತ್ರಿ ಏನಂದ್ರು ಕೇಳಿದ್ರಾ, ಓಡ್ತಿರೋ ಎಂಜಿನ್ನಿಗೆ ಸ್ಟಾರ್ಟ್ ಮಾಡು ಅಂದ್ರಲ್ಲೋ, ಇದಕ್ಕಿಂತ ದೊಡ್ಡ ಹೊಗಳಿಕೆ ಹುಟ್ಟಿ ಬರಬೇಕು, ಎಂದು ಕಂಚಿನ ಕಂಠದಲ್ಲಿ ಕೂಗಿದ, ಎಪ್ಪತ್ತು ಜೊತೆ ಕೈಗಳು ತಟ್ಟಿದವು, ಬಾಯಿಗಳು ನಕ್ಕವು, ಯಾರೋ ನನ್ನ ಬೆನ್ನು ಚಪ್ಪರಿಸಿದರು, ನಾನು ಕಂಬದಂತೆ ನಿಂತಿದ್ದೆ, ಕಾಫಿ ಮಾತ್ರ ಅಲುಗಲಿಲ್ಲ.

ಬಟ್ಟಲನ್ನು ಆರ್ಜಿಯಾಳ ಕೈಗಿತ್ತೆ, ಒಂದು ಸುತ್ತು ಹೋಗಿಬರೋಣ, ಹಿಂದಿನ ಸೀಟಿನಲ್ಲಿ ಕೂರುತ್ತೇನೆ ಎಂದೆ, ನಾಲ್ಕು ಬಾಗಿಲಿನ ಕಾರಿನ ಸತ್ಯ ತಿಳಿಯುವುದು ಹಿಂದಿನ ಸೀಟಿನಲ್ಲಿ, ಇದು ಆದೆಲ್ಮೊನ ಮಾತು, ಸುಳ್ಳಲ್ಲ, ಆದರೆ ನಮ್ಮಲ್ಲಿ ಸ್ಟೀರಿಂಗ್ ಇರುವುದು ಎಡಗಡೆ, ಮುಂದೆ ಕುಳಿತರೆ ಅವಳು ನನ್ನ ಸತ್ತ ಎಡಗಿವಿಯ ಕಡೆ ಆಗುತ್ತಾಳೆ ಎಂಬುದೂ ಸುಳ್ಳಲ್ಲ. ರಸ್ತೆಗಿಳಿದಳು, ಮರಸೇಬಿನ ತೋಟಗಳು, ಕಾಲುವೆ, ಬಯಲಿನ ಮಂಜು ಆಗಷ್ಟೇ ಹರಿದು ನೇತಾಡುತ್ತಿದೆ, ಕನ್ನಡಿಯಲ್ಲಿ ಅವಳ ಕಣ್ಣು ಮಾತ್ರ, ತುಟಿ ಕಾಣುವುದಿಲ್ಲ, ಒಳ್ಳೆಯದೇ, ನದಿಯ ಏರಿಯ ನೇರ ದಾರಿ ಸಿಕ್ಕಿದ ಕೂಡಲೇ ಕಾಲು ಒತ್ತಿದಳು, ಬೆನ್ನು ಸೀಟಿಗೆ ಅಂಟಿತು — ಆಹಾ. ಏನದು. ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಬೆನ್ನುಹುರಿಗೆ, ಹಲ್ಲಿನ ಬುಡದವರೆಗೆ, ಕಿವಿಯೊಂದನ್ನು ಬಿಟ್ಟು ಮೈಯೆಲ್ಲ ಕೇಳುತ್ತಿದೆ, ಅಂಗೈಯನ್ನು ಬಾಗಿಲಿಗೆ ಒತ್ತಿದೆ, ಬೂಟು ಕಳಚಿದೆ, ಹೌದು, ಎಪ್ಪತ್ತೊಂಬತ್ತರ ಮುದುಕ ಹೊಸ ಕಾರಿನಲ್ಲಿ ಬೂಟು ಕಳಚಿದೆ, ನಿಮಿಷಕ್ಕೆ ಎರಡು ಸಾವಿರ ಸುತ್ತು, ಎರಡೂವರೆ, ರೇಷ್ಮೆ, ಮೂರು, ರೇಷ್ಮೆಯ ಹಿಂದೆ ಎಲ್ಲೋ ದೊಡ್ಡ ಮೃಗ, ಮೂರೂವರೆ — ಅಲ್ಲಿ, ಅಲ್ಲೊಂದು ಗುಂಡಿ, ಮೆಟ್ಟಿಲಿದೆಯೆಂದು ಕಾಲಿಟ್ಟರೆ ಇಲ್ಲದಂತೆ, ಅರೆಕ್ಷಣ, ಆಮೇಲೆ ನಾಲ್ಕು ಸಾವಿರ, ಐದು, ಆರು, ದೇವರೇ, ಇನೆಸ್ ಇರಬೇಕಾಗಿತ್ತು, ಅವಳು ವೇಗಕ್ಕೆ ಹೆದರಿ ನನ್ನ ತೋಳನ್ನು ಗಿಂಡುತ್ತಿದ್ದಳು, ಆ ನೋವೂ ಈಗ ಸಿಹಿ. ಏರಿಯ ಮೇಲೆ ಪಾಪ್ಲಾರ್ ಮರಗಳ ಬಳಿ ಕಾರು ನಿಲ್ಲಿಸಿ ಅವಳು ಪೂರ್ತಿ ಹಿಂದಕ್ಕೆ ತಿರುಗಿ ಕುಳಿತಳು, ಬೆಳಕು ಬಾಯಿಯ ಮೇಲೆ ಬೀಳುವಂತೆ, ಎಷ್ಟು ಬೇಗ ಕಲಿತಳು, ತಾತ, ಯಾವಾಗಿಂದ. ಎಡದ್ದು ಹನ್ನೆರಡು ವರ್ಷ, ಬಲದ್ದು ಆರು. ನನಗ್ಯಾಕೆ ಹೇಳಲಿಲ್ಲ. ನಿನಗೆ ಹೇಳಿದ್ರೆ ನಿಜ ಆಗಿಬಿಡ್ತಿತ್ತು. ಅವಳು ಅಳಲಿಲ್ಲ, ನಮ್ಮ ಮನೆಯ ಹೆಂಗಸರು ಅಳುವುದಕ್ಕೆ ಬದಲು ಮೂಗು ಉಜ್ಜುತ್ತಾರೆ, ಉಜ್ಜಿದಳು, ಅಷ್ಟು ಮೆತ್ತಗೆ ಓಡೋ ಹಾಗೆ ನಾನೇ ಮಾಡಿದ್ದು, ಬೇರೆಯವರಿಗೂ ಕೇಳ್ತಿರಲಿಲ್ಲ ತಾತ. ಸುಳ್ಳು ಹೇಳಬೇಡ, ಎಪ್ಪತ್ತು ಜನಕ್ಕೆ ಕೇಳ್ತಿತ್ತು. ಹ್ಞೂಂ, ಕೇಳ್ತಿತ್ತು. ಅವಳು ನನ್ನ ಬರಿಗಾಲಿನ ಕಡೆ ಬೆರಳು ತೋರಿಸಿದಳು, ಹಾಗಾದ್ರೆ ಬೂಟು ಬಿಚ್ಚಿಕೊಂಡು ಹಿಂದೆ ಕೂತು ಏನ್ ಮಾಡ್ತಿದ್ದೆ. ಮೂರೂವರೆ ಸಾವಿರದ ಹತ್ರ ಒಂದು ಗುಂಡಿ ಇದೆ, ಅದನ್ನ ನೋಡ್ತಿದ್ದೆ. ಅವಳು ಕಲ್ಲಾದಳು. ಏನಂದೆ. ಗುಂಡಿ, ಮಗಳೇ, ಅರೆಕ್ಷಣ ಉಸಿರು ಬಿಡುತ್ತೆ, ಆಮೇಲೆ ಹಿಡ್ಕೊಳ್ಳುತ್ತೆ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು, ಅಳುವೆಂದು ಹೆದರಿದೆ, ನಗು, ನಕ್ಕು ನಕ್ಕು ಸೀಟಿಗೆ ಗುದ್ದಿದಳು, ಹನ್ನೊಂದು ತಿಂಗಳು ತಾತ, ಹನ್ನೊಂದು ತಿಂಗಳು ಜಗಳ ಆಡಿದ್ದೀನಿ ಆ ಗುಂಡಿಗೆ, ಕಾರ್ಖಾನೆಯವರು ನಿನ್ನ ಭ್ರಮೆ ಅಂದ್ರು, ಹದಿನಾರು ಮೈಕು ಇಟ್ಟು ಹಿಡಿದೆ, ಪತ್ರಿಕೆಯವರು ನಲವತ್ತು ಜನ ಓಡಿಸಿದ್ರು, ಒಬ್ಬರಿಗೂ ಗೊತ್ತಾಗಲಿಲ್ಲ, ನೀನು ಬರೀ ಕಾಲಲ್ಲಿ! ಸರಿಮಾಡಕ್ಕಾಗುತ್ತಾ, ಎಂದೆ. ವಸಂತಕ್ಕೆ ಮಾಡ್ತೀನಿ, ಈಗ ನನ್ನ ಮಾತು ಕೇಳಲೇಬೇಕು ಅವರು. ಬೂಟು ಹಾಕಿಕೊಂಡೆ, ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ, ಆ ಚಪ್ಪಾಳೆ, ಅದನ್ನು ಇಟ್ಟುಕೊಳ್ಳಲಾರೆ, ಕೇಳದೇ ತಟ್ಟಬೇಡ, ನಾನು ತಟ್ಟಲಿಲ್ಲ, ಆದರೆ ಅವರು ತಟ್ಟಿದೆನೆಂದು ತಿಳಿದಿದ್ದಾರೆ.

ಚೌಕದಲ್ಲಿ ಯಾರೂ ಕದಲಿರಲಿಲ್ಲ, ಆರ್ಜಿಯಾ ಕರಿದ ರೊಟ್ಟಿಯ ಬುಟ್ಟಿಗಳನ್ನು ಹೊರಗೇ ತಂದಿದ್ದಳು, ಹಂದಿ ಕೊಬ್ಬಿನ ಬಿಸಿ ವಾಸನೆ, ಮೂಗು ಮೋಸ ಮಾಡಿಲ್ಲ ನನಗೆ, ನಾನು ಇಳಿದು ಬಾಗಿಲು ಹಿಡಿದು ನಿಂತೆ, ಹೇಳಿದೆ, ಆಗ ನಾನು ಅಂದದ್ದು ಹೊಗಳಿಕೆ ಅಲ್ಲ, ಎಂಜಿನ್ ಓಡ್ತಿದ್ದದ್ದೇ ನನಗೆ ಗೊತ್ತಾಗಲಿಲ್ಲ, ನನಗೆ ಕಿವಿ ಕೇಳಲ್ಲ, ಆರು ವರ್ಷ ಆಯ್ತು, ನಿಮಗೆಲ್ಲ ಮೋಸ ಮಾಡಿದ್ದೀನಿ. ಚೌಕ ನಿಂತಿತು, ಅಥವಾ ನನಗೆ ಹಾಗೆ ಕಂಡಿತು, ಮೌನವಾದರೂ ಗದ್ದಲವಾದರೂ ನನಗೆ ಒಂದೇ. ನೆರಿಯೊ ಗಲ್ಲ ಕೆರೆದುಕೊಂಡು ಬಲಗಡೆಗೆ ಬಂದ, ಏಳು, ಎಂದ. ಏನು ಏಳು. ಏಳು ವರ್ಷ ಆಯ್ತು, ಆರಲ್ಲ, ನಿನ್ನ ಬಲಗಡೆ ಕೂತೂ ಕೂತೂ ನನ್ನ ಒಂದು ಕೆನ್ನೆಗೆ ಬಿಸಿಲೇ ಬಿದ್ದಿಲ್ಲ, ನೋಡು ಬಣ್ಣ. ಲೆಯಾರ್ಕೊ ಕಾಗದದ ಮೇಲೆ ಏನೋ ಬರೆದು ನನ್ನ ಮೂಗಿನ ಮುಂದೆ ಹಿಡಿದ, ದುಂಡಗೆ, ನನ್ನ ಬರಹ ನನ್ನ ಹೆಂಡತಿಗೇ ಓದಲಿಕ್ಕಾಗುತ್ತಿರಲಿಲ್ಲ, ನಿನಗೋಸ್ಕರ ಅರುವತ್ತನೇ ವಯಸ್ಸಲ್ಲಿ ಕಾಪಿ ಬರೆದೆ, ಕತ್ತೆ. ನಾನು ಅವರನ್ನು ನೋಡಿದೆ, ಇವರನ್ನು ನೋಡಿದೆ, ಆರ್ಜಿಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಮತ್ತೆ ನಾನೇನು ಅಳತೆ ಮರೆತಿದ್ದೀನಿ ಅಂದ್ಕೊಂಡಿದ್ರಾ ಮೇಸ್ತ್ರಿ, ಕಮ್ಮಿ ಹಾಕಿದ್ರೆ ಎಂಜಿನ್ನಿನ ನಡುಕ ನಿಮಗೆ ಕಾಣಬೇಕಲ್ಲ. ಬಟ್ಟಲು — ಬಟ್ಟಲೂ ಗೊತ್ತಿತ್ತು, ಏಳು ವರ್ಷ ಒಂದು ಊರಿಗೆ ಊರೇ ಸೇರಿ ಒಂದು ಬಟ್ಟಲನ್ನು ತುಂಬಿಸಿದೆ, ನಾನು ಅದನ್ನು ಮುದುಕಿಯ ಕೈನಡುಕವೆಂದು ತಿಳಿದೆ, ಎಂಥ ಜಾಣ ನಾನು, ಹಾಗಾದ್ರೆ ಯಾಕ್ರೋ ನನ್ನನ್ನ ಇಟ್ಕೊಂಡ್ರಿ, ಎಂದೆ, ದನಿ ಒಡೆಯಿತೋ ಏನೋ, ಅದೂ ನನಗೆ ತಿಳಿಯದು. ಕಿವಿ ಬೇಕಾದ್ರೆ ಊರಲ್ಲಿ ಸಾವಿರ ಜೊತೆ ಇದಾವೆ ಮಾರಾಯ, ಎಂದ ನೆರಿಯೊ, ಯಜಮಾನರ ಎದುರಿಗೆ ಸುಮ್ಮನೆ ಬಂದು ಕಾಫಿಗೆ ಕೂತವನು ಒಬ್ಬನೇ, ಅದಿರಲಿ, ಈಗ ಹೇಳು, ಹೇಗಿದೆ ಬೆಕ್ಕುಮೀನು. ಹೇಳಿದೆ, ರೇಷ್ಮೆಯನ್ನು ಹೇಳಿದೆ, ಮೃಗವನ್ನು ಹೇಳಿದೆ, ಮೂರೂವರೆ ಸಾವಿರದ ಗುಂಡಿಯನ್ನೂ ಹೇಳಿದೆ, ಗುಂಡಿಯಾ, ಎಂದು ನಾಲ್ಕಾರು ತಲೆಗಳು ಅಲ್ಲಾಡಿದವು, ನಮಗೇನೂ ಕೇಳಲಿಲ್ಲವಲ್ಲ, ಆರ್ಜಿಯಾ ಒಳಗೆ ಹೋಗಿ ಹೊಸ ಬಟ್ಟಲು ತಂದಳು, ಅಂಚಿನವರೆಗೆ ತುಂಬಿದ್ದು, ಎಲ್ಲರೂ ನೋಡುತ್ತಿರುವಂತೆ ರಾಜಾರೋಷವಾಗಿ ಬಾನೆಟ್ಟಿನ ಮೇಲೆ ಇಟ್ಟಳು, ನೊಯೆಮಿ ಕಾಲು ಒತ್ತಿದಳು, ಎಪ್ಪತ್ತು ತಲೆಗಳು ಒಂದು ಬಟ್ಟಲಿನ ಮೇಲೆ ಬಾಗಿದವು, ಎರಡು ಸಾವಿರ, ಬಳೆಗಳು, ಮೂರು, ದಾರದಷ್ಟು ಸಣ್ಣ ಬಳೆಗಳು, ಮೂರೂವ — ಮುರಿದವು, ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಕೂಡಿಕೊಂಡವು, ಓಹೋ ಎಂದು ಎಪ್ಪತ್ತು ಬಾಯಿಗಳು ದುಂಡಗಾದವು, ಅವೂ ಬಳೆಗಳೇ. ಎಂಜಿನ್ ನಿಲ್ಲಿಸಿದಳು. ಬೆರಳು ಮಡಿಸಿ ಚಾವಣಿಯ ಮೇಲೆ ಒಂದು ಸಲ ತಟ್ಟಿದೆ. ಕಾದರು. ಇನ್ನೊಂದು, ಎಂದು ನೆರಿಯೊ ಬೆರಳೆತ್ತಿ ತೋರಿಸಿದ, ಇನ್ನೊಂದು ತಟ್ಟೋ ಜಿಪುಣ, ಸ್ವಂತ ಮೊಮ್ಮಗಳು ಕಣೋ. ಎರಡನೇದು ವಸಂತಕ್ಕೆ, ಎಂದೆ, ಗುಂಡಿ ಮುಚ್ಚಿದ ಮೇಲೆ. ನಕ್ಕರು, ಬೈದರು, ರೊಟ್ಟಿ ಹಂಚಿದರು, ನೊಯೆಮಿ ಇಳಿದು ಬಂದು ನನ್ನ ಕುತ್ತಿಗೆಗೆ ಕೈಹಾಕಿ ಕಿವಿಯಲ್ಲಿ ಏನೋ ಹೇಳಿದಳು, ಎಡಗಿವಿಯಲ್ಲಿ, ಮರೆತಳೋ, ಬೇಕೆಂದೇ ಅಲ್ಲಿ ಇಟ್ಟಳೋ, ಬೆಚ್ಚಗಿನ ಉಸಿರು ಮಾತ್ರ ತಾಗಿತು, ಏನೆಂದೆ ಎಂದು ಕೇಳಬಹುದು, ಕೇಳಲಾರೆ, ಅಲ್ಲಿಯೇ ಇರಲಿ ಅದು, ನನ್ನ ಕೈ ಇನ್ನೂ ಚಾವಣಿಯ ಮೇಲಿದೆ, ಎಂಜಿನ್ ತಣ್ಣಗಾಗುತ್ತಿದೆ, ಬೆರಳ ಗೆಣ್ಣು ತಾನೇ ತಾನಾಗಿ ಒಮ್ಮೆ ಅದುರಿತು, ತಟ್ಟಿತೆನ್ನುವಷ್ಟಲ್ಲ, ತಾಗಿತು, ಬಾನೆಟ್ಟಿನ ಮೇಲೆ ಬಟ್ಟಲು, ತುಂಬಿದ ಬಟ್ಟಲು, ನಡುವಿನಿಂದ ಒಂದು ಬಳೆ ಎದ್ದಿತು, ಒಂದೇ, ಅಂಚಿನವರೆಗೆ ಬಂತು, ಚೆಲ್ಲಲಿಲ್ಲ, ಒಂದು ಬಳೆ —